ತಲೆ ಲೆಕ್ಕ, ಸುಳ್ಳು ಲೆಕ್ಕ

ನಾಳೆ ಪುತ್ತೂರಿನಲ್ಲಿ ಒಂದು ರಾಜಕೀಯ ಸಮಾವೇಶ ಇದೆ ಅಂತ ಇಟ್ಟುಕೊಳ್ಳಿ. ಪಕ್ಷ ಯಾವುದಾದರೂ ಆಗಲಿ. ಬರುವವರೆಲ್ಲ ಮೊಬೈಲಿನಲ್ಲಿ ಹೆಸರು ನೋಂದಾಯಿಸಿ ಉಚಿತ ಪಾಸ್ ತಗೊಳ್ಳಿ ಅಂತ ಆಯೋಜಕರು ಒಂದು ಲಿಂಕ್ ಕಳಿಸ್ತಾರೆ. ಎದುರು ಪಕ್ಷದ ನಾಲ್ಕು ಹುಡುಗರು ರಾತ್ರಿಯಿಡೀ ಕೂತು ಸುಳ್ಳು ಹೆಸರು ತುಂಬುತ್ತಾರೆ. ಬೆಳಿಗ್ಗೆ ಕಂಪ್ಯೂಟರ್ ಹೇಳತ್ತೆ, ಎರಡು ಲಕ್ಷ ಜನ ಬರ್ತಾರೆ ಅಂತ. ಸಂಜೆ ನೋಡಿದರೆ ಅರ್ಧ ಮೈದಾನ ಖಾಲಿ. ಹೀಗಾಗೋದಕ್ಕೆ ಸಾಧ್ಯವಾ? ಸುಳ್ಳು ಹೆಸರುಗಳಿಂದ ಒಂದು ರಾಜಕೀಯ ಸಭೆಯನ್ನು ಕೆಡಿಸಬಹುದಾ?

ಅಮೆರಿಕದಲ್ಲಿ ಹೆಚ್ಚೂಕಡಿಮೆ ಹೀಗೇ ಆಗಿದೆ. 2020ರ ಜೂನ್ 20, ಒಕ್ಲಹೋಮ ರಾಜ್ಯದ ಟಲ್ಸಾ ಎಂಬ ಊರು. ಕೊರೊನಾ ಶುರುವಾದ ಮೇಲೆ ಡೊನಾಲ್ಡ್ ಟ್ರಂಪ್ ಅವರ ಮೊದಲ ದೊಡ್ಡ ರ‍್ಯಾಲಿ ಅಲ್ಲಿ ನಡೆಯಬೇಕಿತ್ತು. ಟಿಕೆಟ್ ಉಚಿತ. ಒಂದು ಮೊಬೈಲ್ ನಂಬರ್ ಕೊಟ್ಟರೆ ಎರಡು ಟಿಕೆಟ್. ಅಯೋವಾ ರಾಜ್ಯದ 51 ವರ್ಷದ ಮಹಿಳೆಯೊಬ್ಬರು ಟಿಕ್‌ಟಾಕ್‌ನಲ್ಲಿ ಒಂದು ವಿಡಿಯೋ ಹಾಕಿದರು. ಎಲ್ಲರೂ ಟಿಕೆಟ್ ಕೇಳಿ, ಆದರೆ ಯಾರೂ ಹೋಗಬೇಡಿ ಅನ್ನೋದು ಅದರ ಸಾರಾಂಶ. ಹದಿಹರೆಯದವರು, ಕೊರಿಯಾದ ಪಾಪ್ ಸಂಗೀತದ ಅಭಿಮಾನಿಗಳು ಎಲ್ಲರೂ ಸೇರಿಕೊಂಡರು. ಪ್ರಚಾರದ ಮುಖ್ಯಸ್ಥ ಬ್ರಾಡ್ ಪಾರ್ಸ್‌ಕೇಲ್ ಹತ್ತು ಲಕ್ಷಕ್ಕೂ ಹೆಚ್ಚು ಟಿಕೆಟ್ ಕೋರಿಕೆ ಬಂದಿದೆ ಅಂತ ಸಂಭ್ರಮದಿಂದ ಟ್ವೀಟ್ ಮಾಡಿದರು. ಸುಮಾರು 19,000 ಜನ ಹಿಡಿಸುವ ಒಳಾಂಗಣ. ಹೊರಗೆ ಉಳಿದುಹೋಗುವ ಜನರಿಗಾಗಿ ಬಯಲಿನಲ್ಲಿ ಇನ್ನೊಂದು ವೇದಿಕೆ ಕಟ್ಟಿಸಿದರು. ಕೊನೆಗೆ ಊರಿನ ಅಗ್ನಿಶಾಮಕ ಇಲಾಖೆ ಸ್ಕ್ಯಾನ್ ಆದ ಟಿಕೆಟ್ ಎಣಿಸಿದಾಗ ಸಿಕ್ಕಿದ್ದು 6,200ಕ್ಕಿಂತ ಸ್ವಲ್ಪ ಕಡಿಮೆ. ಹೊರಗಿನ ವೇದಿಕೆಯನ್ನು ಭಾಷಣವಿಲ್ಲದೆ ಬಿಚ್ಚಬೇಕಾಯಿತು. ಮುಂದಿನ ತಿಂಗಳು ಪಾರ್ಸ್‌ಕೇಲ್ ಅವರ ಹುದ್ದೆಯೂ ಹೋಯಿತು.

ಟಿಕ್‌ಟಾಕ್ ಹುಡುಗರು ರ‍್ಯಾಲಿಯನ್ನು ಖಾಲಿ ಮಾಡಿಸಿದರು ಅಂತ ಎಲ್ಲ ಕಡೆ ಹೆಡ್‌ಲೈನ್ ಆಯಿತು. ಆದರೆ ಸ್ವಲ್ಪ ನಿಂತು ಯೋಚನೆ ಮಾಡಿ. ಅದು ಸೀಟ್ ನಂಬರ್ ಇರುವ ಟಿಕೆಟ್ ಅಲ್ಲ. ಮೊದಲು ಬಂದವರಿಗೆ ಮೊದಲು ಪ್ರವೇಶ. ಸುಳ್ಳು ಟಿಕೆಟ್ ಪಡೆದವನು ಯಾರ ಕುರ್ಚಿಯನ್ನೂ ಕಿತ್ತುಕೊಳ್ಳಲಿಲ್ಲ. ನಿಜವಾದ ಬೆಂಬಲಿಗ 19,000 ಜನ ಬಂದಿದ್ದರೆ ಅಷ್ಟೂ ಜನ ಒಳಗೆ ಕೂರಬಹುದಿತ್ತು. ಅವರು ಬರಲಿಲ್ಲ. ಕೊರೊನಾ ಭಯ ಇತ್ತು, ಪ್ರತಿಭಟನೆಯ ಗಲಾಟೆ ಆಗಬಹುದು ಅನ್ನೋ ಆತಂಕವೂ ಇತ್ತು. ಸುಳ್ಳು ಹೆಸರುಗಳು ಮಾಡಿದ್ದು ಬೇರೆ ಕೆಲಸ. ಅವು ಎಣಿಸುವವನ ತಲೆ ಕೆಡಿಸಿದವು. 6,000 ಜನ ಸೇರಿದ್ದನ್ನು ಹತ್ತು ಲಕ್ಷದ ಪಕ್ಕ ಇಟ್ಟು ನೋಡುವ ಹಾಗೆ ಮಾಡಿದವು. ಸೋಲು ಅಂತ ಕಂಡದ್ದು ಆ ಹೋಲಿಕೆಯಿಂದ.

ಅಮೆರಿಕದ ಕತೆ ಅಲ್ಲಿಗೆ ಬಿಡೋಣ. ಈ ಪ್ರಶ್ನೆಗೆ ಉತ್ತರ ಹುಡುಕೋದಕ್ಕೆ ನನಗೆ ಪುತ್ತೂರು, ಸುಳ್ಯ, ಕಡಬದ ಮಣ್ಣೇ ಸಾಕು ಅನ್ನಿಸುತ್ತದೆ. ಯಾಕೆ ಅಂತೀರಾ? ಜನ ಸೇರಿಸೋದು ಅಂದರೆ ಏನು, ಕರೆಗೆ ಓಗೊಡೋದು ಅಂದರೆ ಏನು ಅಂತ ಈ ಮಣ್ಣು ಸುಮಾರು 190 ವರ್ಷದ ಹಿಂದೆಯೇ ನೋಡಿದೆ.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ದೊರೆ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. ಅಲ್ಲಿಯತನಕ ಅಮರ ಸುಳ್ಯದ ಸೀಮೆ ಕೊಡಗಿಗೆ ಸೇರಿತ್ತು. ಕಂಪನಿ ಅದನ್ನು ಕೆನರಾ ಜಿಲ್ಲೆಗೆ ಸೇರಿಸಿತು. ರಾಜನ ಕಾಲದಲ್ಲಿ ರೈತ ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡಬಹುದಿತ್ತು. ಕಂಪನಿ ನಗದು ಕೇಳಿತು. ಕೈಯಲ್ಲಿ ಅಕ್ಕಿ ಇದೆ, ಅಡಿಕೆ ಇದೆ, ಕಾಸು ಎಲ್ಲಿಂದ ಬರಬೇಕು? ಉಪ್ಪು, ಹೊಗೆಸೊಪ್ಪಿನ ಮೇಲೂ ಕಂಪನಿಯದೇ ಹಿಡಿತ. ಒಳಗೊಳಗೇ ಬೆಂಕಿ ಕುದಿಯುತ್ತಿತ್ತು.

ಅದು 1837ರಲ್ಲಿ ಹೊರಗೆ ಬಂತು. ಇತಿಹಾಸದಲ್ಲಿ ಅದು ಅಮರ ಸುಳ್ಯ ದಂಗೆ, ಜನರ ಬಾಯಲ್ಲಿ ಕಲ್ಯಾಣಪ್ಪನ ಕಾಟಕಾಯಿ. ಹಾಲೇರಿ ವಂಶದ ಕಲ್ಯಾಣಸ್ವಾಮಿ ಬಂದಿದ್ದಾನೆ, ಕಂಪನಿಯ ಸುಂಕ ಇನ್ನಿರುವುದಿಲ್ಲ ಅಂತ ಊರೂರಿಗೆ ನಿರೂಪಗಳು ಹೋದವು. ಸುಳ್ಯದಲ್ಲಿ ಮುಂದೆ ನಿಂತವರು ಕೆದಂಬಾಡಿ ರಾಮಯ್ಯ ಗೌಡರು. ಮಾರ್ಚ್ ಕೊನೆಯಲ್ಲಿ ಬೆಳ್ಳಾರೆಯ ಖಜಾನೆ ಅವರ ಕೈಗೆ ಬಂತು. ದಂಡು ಪುತ್ತೂರಿನ ಕಡೆ ಹೊರಟಿತು. ಮಂಗಳೂರಿನ ಕಲೆಕ್ಟರ್ ಲೆವಿನ್ ಪಡೆ ಕಟ್ಟಿಕೊಂಡು ಪುತ್ತೂರಿಗೆ ಬಂದವನು ಅಲ್ಲಿಂದಲೇ ಮಂಗಳೂರಿಗೆ ವಾಪಸಾದ. ದಾರಿಯುದ್ದಕ್ಕೂ ಜನ ಸೇರುತ್ತಾ ಹೋದರು. ಏಪ್ರಿಲ್ 5ಕ್ಕೆ ಮಂಗಳೂರು ಅವರ ವಶ. ಬಾವುಟಗುಡ್ಡೆಯಲ್ಲಿ ಬಾವುಟ ಹಾರಿತು. ಸುಮಾರು ಎರಡು ವಾರ ಕಂಪನಿ ಸರ್ಕಾರ ಅಲ್ಲಿ ಇರಲಿಲ್ಲ.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಆ ದಂಡನ್ನು ನಡೆಸಿದವನು ಕಲ್ಯಾಣಸ್ವಾಮಿ ಅಲ್ಲ. ಅವನು ಆಗಲೇ ಕಂಪನಿಯ ಕೈಗೆ ಸಿಕ್ಕಿಬಿದ್ದಿದ್ದ. ಅವನ ಹೆಸರನ್ನು ಹೊತ್ತು ಬಂದವನು ಪುಟ್ಟಬಸಪ್ಪ ಎಂಬ ರೈತ. ಕಂಪನಿಯವರು ಇವನನ್ನು ವೇಷಧಾರಿ, ನಕಲಿ ಅಂತ ಕರೆದರು. ಆಯ್ತು, ಹೆಸರು ನಕಲಿಯೇ ಇರಲಿ. ಆದರೆ ಜನ? ಸುಳ್ಯದಿಂದ ಮಂಗಳೂರಿಗೆ ಈಗಿನ ರಸ್ತೆಯ ಲೆಕ್ಕದಲ್ಲೇ 85 ಕಿಲೋಮೀಟರ್ ಹತ್ತಿರ. ಅಷ್ಟು ದೂರ ನಡೆದವನು, ಗದ್ದೆ ತೋಟ ಬಿಟ್ಟು ಹೊರಟವನು, ಸಿಕ್ಕಿಬಿದ್ದರೆ ನೇಣು ಅಂತ ಗೊತ್ತಿದ್ದವನು ನಕಲಿ ಹೇಗಾಗುತ್ತಾನೆ? ಪುಟ್ಟಬಸಪ್ಪನನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಕಂಪನಿ ಮಂಗಳೂರಿನಲ್ಲಿ ಗಲ್ಲಿಗೇರಿಸಿತು. ಟಲ್ಸಾದಲ್ಲಿ ಕರೆದವನ ಹೆಸರು ಅಸಲಿ, ಬರ್ತೀವಿ ಅಂದವರು ನಕಲಿ. ಇಲ್ಲಿ ಕರೆದವನ ಹೆಸರು ನಕಲಿ, ಬಂದವರು ಅಸಲಿ.

ಈಗಿನ ಕಡಬ ತಾಲೂಕಿನ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನ ಅವರು ಈ ದಂಗೆಯನ್ನೇ ಹಿಡಿದು ‘ಕಲ್ಯಾಣಸ್ವಾಮಿ’ ಎಂಬ ಕಾದಂಬರಿ ಬರೆದರು. 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯೂ ಎದ್ದಿತು. ಎಷ್ಟು ಸಾವಿರ ಜನ ನಡೆದರು ಅನ್ನೋ ಅಂಕಿ ಇವತ್ತು ಯಾರ ಬಾಯಲ್ಲೂ ಇಲ್ಲ. ನಡೆದರು ಅನ್ನೋದು ಮಾತ್ರ ಉಳಿದಿದೆ.

ಆ ದಂಗೆ ಆಗಿ ನೂರು ವರ್ಷಕ್ಕೆ ಮೂರು ವರ್ಷ ಬಾಕಿ ಇದ್ದಾಗ ಇದೇ ದಾರಿಯಲ್ಲಿ ಇನ್ನೊಂದು ಕರೆ ಬಂತು. 1934ರ ಫೆಬ್ರವರಿ. ಹರಿಜನ ಯಾತ್ರೆಯಲ್ಲಿದ್ದ ಗಾಂಧೀಜಿ ಕೊಡಗು ಮುಗಿಸಿ, ಸಂಪಾಜೆ ಘಾಟಿ ಇಳಿದು, ಸುಳ್ಯ ಹಾದು ಪುತ್ತೂರಿಗೆ ಬಂದರು. ಪುತ್ತೂರಿನ ಬಸ್ ನಿಲ್ದಾಣದ ಹತ್ತಿರ ಅಶ್ವತ್ಥಮರದ ಕಟ್ಟೆಯೊಂದಿದೆ, ಗಾಂಧಿಕಟ್ಟೆ ಅಂತಲೇ ಅದರ ಹೆಸರು. ಆ ಯಾತ್ರೆಯಲ್ಲಿ ಗಾಂಧೀಜಿ ಎಲ್ಲಿ ಹೋದರೂ ಬಂದವರ ಮುಂದೆ ಕೈ ಚಾಚುತ್ತಿದ್ದರು. ಹರಿಜನ ನಿಧಿಗೆ ಏನಾದರೂ ಕೊಡಿ. ಕೊಡಗಿನಲ್ಲಿ ಕತೆಗಾರ್ತಿ ಗೌರಮ್ಮ, ಗಾಂಧೀಜಿ ತಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತು, ಬಂದಾಗ ಮೈಮೇಲಿನ ಒಡವೆ ಬಿಚ್ಚಿಕೊಟ್ಟದ್ದು ಇದೇ ಪ್ರವಾಸದಲ್ಲಿ. ಗಾಂಧೀಜಿ ಸಭೆ ಮುಗಿದ ಮೇಲೆ ಎಷ್ಟು ಜನ ಬಂದಿದ್ದರು ಅನ್ನೋದಕ್ಕಿಂತ, ಎಷ್ಟು ರೂಪಾಯಿ, ಎಷ್ಟು ಬಳೆ ಬಂತು ಅನ್ನೋದನ್ನು ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕದಲ್ಲಿ ಸುಳ್ಳು ನೋಂದಣಿಗೆ ಜಾಗವೇ ಇಲ್ಲ.

ಈಗ ನಮ್ಮ ಕಾಲಕ್ಕೆ ಬನ್ನಿ. ಬರ್ತೇನೆ ಅನ್ನೋದಕ್ಕೆ 1837ರಲ್ಲಿ ಪ್ರಾಣದ ಬೆಲೆ ಇತ್ತು. 1934ರಲ್ಲಿ ಬಳೆಯ ಬೆಲೆ ಇತ್ತು. ಇವತ್ತು ಅದಕ್ಕೆ ಒಂದು ಬೆರಳಿನ ಒತ್ತು ಸಾಕು. ಬೆಲೆ ಇಲ್ಲದ ಮಾತನ್ನು ಎಷ್ಟು ಸಲ ಬೇಕಾದರೂ ಹೇಳಬಹುದು, ಯಾರ ಹೆಸರಲ್ಲಿ ಬೇಕಾದರೂ ಹೇಳಬಹುದು.

ನಮ್ಮ ದೇಶದಲ್ಲೇ ಇದಕ್ಕೆ ಉದಾಹರಣೆ ಇದೆ. ಟಲ್ಸಾಕ್ಕಿಂತ ಐದು ತಿಂಗಳು ಮೊದಲು, 2020ರ ಜನವರಿಯಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆಗೆ ಬೆಂಬಲ ಸೂಚಿಸಲು ಬಿಜೆಪಿ ಒಂದು ಮಿಸ್ಡ್ ಕಾಲ್ ನಂಬರ್ ಕೊಟ್ಟಿತು. 52 ಲಕ್ಷಕ್ಕೂ ಹೆಚ್ಚು ಕರೆ ಬಂದಿದೆ ಅಂತ ಅಮಿತ್ ಶಾ ಹೇಳಿದರು, ಪರಿಶೀಲಿಸಬಹುದಾದ ನಂಬರುಗಳಿಂದಲೇ ಬಂದದ್ದು ಅಂತಲೂ ಹೇಳಿದರು. ಆದರೆ ಅದೇ ನಂಬರನ್ನು ಸಾಮಾಜಿಕ ಜಾಲತಾಣದಲ್ಲಿ ಕೆಲವರು ಬೇರೆ ಬೇರೆ ಆಮಿಷ ಒಡ್ಡಿ ಹಂಚಿದ್ದರು. ಇದಕ್ಕೆ ಕರೆ ಮಾಡಿದರೆ ನೆಟ್‌ಫ್ಲಿಕ್ಸ್ ಉಚಿತ ಅಂದವರೂ ಇದ್ದರು. ಕೊನೆಗೆ ನೆಟ್‌ಫ್ಲಿಕ್ಸ್ ಸಂಸ್ಥೆಯೇ ಇದು ಸುಳ್ಳು ಅಂತ ಸ್ಪಷ್ಟನೆ ಕೊಡಬೇಕಾಯಿತು. ಬಂದ ಕರೆಗಳಲ್ಲಿ ಕಾಯ್ದೆಗೆ ಎಷ್ಟು, ಸಿನಿಮಾಕ್ಕೆ ಎಷ್ಟು? ಬೇರ್ಪಡಿಸೋದು ಹೇಗೆ? ನಂಬರ್ ಅಸಲಿಯೇ ಇರಬಹುದು, ಮನಸ್ಸು ಯಾವುದಕ್ಕೆ ಅಂತ ನಂಬರ್ ಹೇಳಲ್ಲ. ಇದು ಒಂದು ಪಕ್ಷದ ಕಷ್ಟ ಅಲ್ಲ. 2022ರಲ್ಲಿ ಪಂಜಾಬಿನಲ್ಲಿ ಆಮ್ ಆದ್ಮಿ ಪಕ್ಷ ಮುಖ್ಯಮಂತ್ರಿ ಅಭ್ಯರ್ಥಿಯನ್ನೇ ಜನರ ಫೋನ್ ಕರೆಗಳ ಮೇಲೆ ಘೋಷಿಸಿತು. ಆನ್‌ಲೈನ್ ಬೆಂಬಲದ ಮೋಹ ಎಲ್ಲರಿಗೂ ಇದೆ.

ಆದರೆ ಪುತ್ತೂರು, ಸುಳ್ಯ, ಕಡಬದಲ್ಲಿ ನನಗೆ ಹೆಚ್ಚು ಹೆದರಿಕೆ ಇರೋದು ಎದುರು ಪಕ್ಷದ ಹುಡುಗರ ಮೇಲೆ ಅಲ್ಲ. ಸ್ವಂತ ಪಕ್ಷದ ಟಾರ್ಗೆಟ್ ಮೇಲೆ. ಬೂತಿಗೆ ಇಷ್ಟು ಜನ ನೋಂದಾಯಿಸಲೇಬೇಕು ಅಂತ ಮೇಲಿನಿಂದ ಫರ್ಮಾನು ಬಂದರೆ ಕೆಳಗಿನ ಕಾರ್ಯಕರ್ತ ಏನು ಮಾಡ್ತಾನೆ? 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಬಳ್ಳಕ್ಕದ ಒಂದು ಫೋಟೋ ದೇಶವೆಲ್ಲ ಸುತ್ತಿತು, ನೆನಪಿದೆಯಾ? ಆನ್‌ಲೈನ್ ಪಾಠ ಕೇಳೋದಕ್ಕೆ ರಸ್ತೆ ಬದಿಯಲ್ಲಿ ಮಳೆಯಲ್ಲಿ ಕೂತ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಅದಕ್ಕೇ. ಅಂಥ ಊರಿನಲ್ಲಿ ಮನೆಮನೆಯವರು ತಾವೇ ಲಿಂಕ್ ಒತ್ತಿ ಪಾಸ್ ತೆಗೀತಾರಾ? ಗುಡ್ಡ ಹತ್ತಿ ರೇಂಜ್ ಸಿಕ್ಕಲ್ಲಿ ಕೂತು ಒಬ್ಬನೇ ಇಡೀ ಊರಿನ ಹೆಸರು ತುಂಬುವುದೇ ಸುಲಭದ ದಾರಿ. ಯಾರನ್ನೂ ಕೇಳಬೇಕಾಗಿಲ್ಲ. ಟಾರ್ಗೆಟ್ ಮುಗೀತು, ಮೇಲಿನವರಿಗೆ ಖುಷಿ. ಕಡಬದ ಅಜ್ಜನಿಗೆ ತನ್ನ ಹೆಸರಲ್ಲಿ ಪಾಸ್ ಇದೆ ಅನ್ನೋದೇ ಗೊತ್ತಿರಲ್ಲ. ಆ ಅಜ್ಜ ಬರೋದಾದರೂ ಹೇಗೆ? ರೆಂಜಿಲಾಡಿ ಕಡೆ 2023ರ ಫೆಬ್ರವರಿಯಲ್ಲಿ ಹಗಲು ಬೆಳಕಿನಲ್ಲೇ ಕಾಡಾನೆ ಇಬ್ಬರನ್ನು ಕೊಂದಿದೆ. ರಾತ್ರಿ ಒಂಬತ್ತಕ್ಕೆ ಮುಗಿಯುವ ಸಭೆಗೆ ಹೋಗಿ ವಾಪಸ್ ಮನೆ ಸೇರೋದು ಅಲ್ಲಿ ಬೆರಳೊತ್ತಿದಷ್ಟು ಸುಲಭ ಅಲ್ಲ ಮಾರಾಯ್ರೇ.

ಇನ್ನು ಸಭೆಯ ದಿನದ ಲೆಕ್ಕ. ಇದರಲ್ಲಿ ಒಂದು ತಮಾಷೆ ಇದೆ. ಚುನಾವಣೆ ಕಾಲದಲ್ಲಿ ಒಂದೇ ಸಭೆಗೆ ಎರಡು ಲೆಕ್ಕ ಇರತ್ತೆ. ಮಾಧ್ಯಮಕ್ಕೆ ಕಳಿಸುವ ಪತ್ರಿಕಾ ಹೇಳಿಕೆಯಲ್ಲಿ ಲಕ್ಷ ಜನ. ಚುನಾವಣಾ ಆಯೋಗಕ್ಕೆ ಕೊಡುವ ಖರ್ಚಿನ ಪಟ್ಟಿಯಲ್ಲಿ ಕೆಲವೇ ಸಾವಿರ ಕುರ್ಚಿ. ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 2022ರಿಂದ 40 ಲಕ್ಷ ರೂಪಾಯಿ. ಆಯೋಗದ ವಿಡಿಯೋ ತಂಡ ಸಭೆಗೆ ಬಂದು ಕುರ್ಚಿ, ಶಾಮಿಯಾನ, ವಾಹನ, ಧ್ವನಿವರ್ಧಕ ಎಲ್ಲವನ್ನೂ ಚಿತ್ರೀಕರಿಸುತ್ತದೆ. ಇಂತಿಷ್ಟು ದರ ಅಂತ ಹಾಕಿ ತನ್ನದೇ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ಟಿವಿಗೆ ಜಾಸ್ತಿ ಹೇಳಬೇಕು, ಆಯೋಗಕ್ಕೆ ಕಡಿಮೆ ಹೇಳಬೇಕು. ಅದೇ ಮೈದಾನ, ಅದೇ ಸಂಜೆ!

ನಮ್ಮ ಕಸುಬಿನ ಗುಟ್ಟನ್ನೂ ಹೇಳಿಬಿಡ್ತೀನಿ. ಕ್ಯಾಮೆರಾವನ್ನು ವೇದಿಕೆಯ ಬುಡದಲ್ಲಿ ಇಟ್ಟು ತಲೆಗಳ ಮಟ್ಟದಲ್ಲಿ ತೋರಿಸಿದರೆ ಐನೂರು ಜನ ಐದು ಸಾವಿರದಂತೆ ಕಾಣ್ತಾರೆ. ಮೇಲಿನಿಂದ ಡ್ರೋನ್ ಹಾರಿಸಿದರೆ ಹಿಂದಿನ ಖಾಲಿ ಜಾಗವೂ ಕಾಣತ್ತೆ. ಹಾಗಾದರೆ ನಿಜ ಸಂಖ್ಯೆ ಗೊತ್ತಾಗೋದು ಹೇಗೆ? 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್ ಎಂಬುವರು ವಿದ್ಯಾರ್ಥಿಗಳ ಪ್ರತಿಭಟನೆಗಳನ್ನು ನೋಡಿ ನೋಡಿ ಒಂದು ಸರಳ ಲೆಕ್ಕ ಹೇಳಿದರು. ಜನ ಸಡಿಲವಾಗಿ ನಿಂತರೆ ಒಬ್ಬರಿಗೆ 10 ಚದರ ಅಡಿ ಬೇಕು. ಒತ್ತೊತ್ತಾಗಿ ನಿಂತರೆ ನಾಲ್ಕೂವರೆ ಚದರ ಅಡಿ. ಉಸಿರುಗಟ್ಟುವ ಹಾಗೆ ನಿಂತರೆ ಎರಡೂವರೆ.

ನಮ್ಮ ಕರಾವಳಿಯವರಿಗೆ ಜಾಗದ ಲೆಕ್ಕ ಹೇಳಿಕೊಡಬೇಕಾ? ಒಂದು ಸೆಂಟ್ಸ್ ಅಂದರೆ 435 ಚದರ ಅಡಿ ಚಿಲ್ಲರೆ. ಸಡಿಲವಾಗಿ ನಿಂತರೆ ಒಂದು ಸೆಂಟ್ಸಿಗೆ 43 ಜನ. ಒಂದು ಎಕರೆಗೆ 4,356. ಒತ್ತೊತ್ತಾಗಿ ನಿಂತರೆ ಎಕರೆಗೆ 9,680. ಅಂದರೆ ಒತ್ತೊತ್ತಾಗಿ ಒಂದು ಲಕ್ಷ ಜನ ನಿಲ್ಲೋದಕ್ಕೆ ಹತ್ತು ಎಕರೆಗಿಂತ ಹೆಚ್ಚು ಬೇಕು, ವೇದಿಕೆ, ದಾರಿ, ಪಾರ್ಕಿಂಗ್ ಎಲ್ಲ ಬಿಟ್ಟು. ಮುಂದಿನ ಸಲ ಲಕ್ಷ ಜನ ಅಂತ ಯಾರಾದರೂ ಹೇಳಿದರೆ ಎಷ್ಟು ಎಕರೆ ಸ್ವಾಮಿ ಅಂತ ಕೇಳಿ.

ಇನ್ನೊಂದು ಸಂಖ್ಯೆ ಕೊಡ್ತೀನಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಪುತ್ತೂರಿನಲ್ಲಿ ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ಗೆದ್ದರು. ಪಕ್ಷೇತರ ಅರುಣ್ ಕುಮಾರ್ ಪುತ್ತಿಲ ಎರಡನೇ ಸ್ಥಾನ. ಬಿಜೆಪಿ ಮೂರನೇ ಸ್ಥಾನಕ್ಕೆ ಇಳಿಯಿತು. ಗೆಲುವಿನ ಅಂತರ 4,149 ಮತ. ಅಂದರೆ ಒಂದು ಎಕರೆ ತೋಟದಲ್ಲಿ ಸಡಿಲವಾಗಿ ನಿಲ್ಲಬಹುದಾದಷ್ಟು ಜನ ಕೂಡ ಅಲ್ಲ! ಐವತ್ತು ಸಾವಿರ ಹೆಚ್ಚು ಹೇಳಿದರೂ ಐವತ್ತು ಸಾವಿರ ಕಡಿಮೆ ಹೇಳಿದರೂ ಯಾರೂ ಕೇಳದ ಸಭೆಯ ಅಂಕಿ ಎಲ್ಲಿ, ಒಂದೊಂದನ್ನೂ ಎಣಿಸುವ ಮತಯಂತ್ರ ಎಲ್ಲಿ?

ಹಾಗಾದರೆ ಇದೆಲ್ಲ ಬರೀ ಪ್ರತಿಷ್ಠೆಯ ಆಟ, ನಕ್ಕು ಬಿಟ್ಟುಬಿಡೋಣ ಅಂತೀರಾ? ಇಲ್ಲ. ಸುಳ್ಳು ಲೆಕ್ಕ ಒಂದೇ ದಿಕ್ಕಿಗೆ ತಪ್ಪೋದಿಲ್ಲ. ಟಲ್ಸಾದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಜನ ಬಂದರು, ಮರ್ಯಾದೆ ಹೋಯಿತು ಅಷ್ಟೆ. ಹೇಳಿದ್ದಕ್ಕಿಂತ ಹೆಚ್ಚು ಜನ ಬಂದರೆ?

2025ರ ಜೂನ್ 4, ಬೆಂಗಳೂರು. ಆರ್‌ಸಿಬಿ ಗೆದ್ದ ಮರುದಿನ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹಿಡಿಸೋದು ಸುಮಾರು 35,000 ಜನ. ಬನ್ನಿ ಬನ್ನಿ ಅನ್ನುವ ಆನ್‌ಲೈನ್ ಕರೆ ಬೆಳಿಗ್ಗೆಯೇ ಹೋಗಿತ್ತು. ಒಳಗೆ ಬರಲು ಉಚಿತ ಪಾಸ್ ಬೇಕು, ಅದೂ ಸೀಮಿತ ಅನ್ನುವ ಮಾತು ಬಂದದ್ದು ಮಧ್ಯಾಹ್ನ 3 ಗಂಟೆ 14 ನಿಮಿಷಕ್ಕೆ ಅಂತ ರಾಜ್ಯ ಸರ್ಕಾರವೇ ಹೈಕೋರ್ಟಿಗೆ ತಿಳಿಸಿತು. ಆ ಹೊತ್ತಿಗೆ ಲಕ್ಷಗಟ್ಟಲೆ ಜನ ರಸ್ತೆಯಲ್ಲಿದ್ದರು. 11 ಜನ ಸತ್ತರು. ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರದ ಸನ್ಮಾನವೂ ಅದೇ ಸಂಜೆ ನಡೆದಿತ್ತು. ನಾಲ್ಕು ತಿಂಗಳೂ ಆಗಿರಲಿಲ್ಲ, ಸೆಪ್ಟೆಂಬರ್ 27ರಂದು ತಮಿಳುನಾಡಿನ ಕರೂರಿನಲ್ಲಿ ನಟ ವಿಜಯ್ ಅವರ ಪಕ್ಷದ ರ‍್ಯಾಲಿ. ಆಯೋಜಕರು ಹೇಳಿದ್ದು 10,000, ಬಂದದ್ದು ಸುಮಾರು 27,000 ಅಂದರು ಅಲ್ಲಿನ ಪೊಲೀಸ್ ಮುಖ್ಯಸ್ಥರು. 41 ಜನ ಸತ್ತರು. ಮಕ್ಕಳೂ ಇದ್ದರು.

ಈಗ ಮೊದಲಿನ ಪ್ರಶ್ನೆಗೆ ವಾಪಸ್ ಬರೋಣ. ಸುಳ್ಳು ಆನ್‌ಲೈನ್ ಕೋರಿಕೆಗಳಿಂದ ಸಭೆಯನ್ನು ಖಾಲಿ ಮಾಡಿಸಬಹುದಾ? ಮೊದಲು ಬಂದವರಿಗೆ ಮೊದಲು ಅನ್ನೋ ಸಭೆಯಾದರೆ ಆಗಲ್ಲ. ಬರಬೇಕು ಅಂತ ಇರುವವನು ಬಂದೇ ಬರ್ತಾನೆ. ಆದರೆ ಆ ಸುಳ್ಳು ಅಂಕಿಯನ್ನು ನಂಬಿ ಎಷ್ಟು ಪೊಲೀಸರು, ಎಷ್ಟು ಗೇಟು, ಎಷ್ಟು ಆಂಬುಲೆನ್ಸ್, ಎಷ್ಟು ಡ್ರಮ್ ಕುಡಿಯುವ ನೀರು ಅಂತ ನಿರ್ಧರಿಸುವವನ ಕೈ ಖಂಡಿತ ಕಟ್ಟಿಹೋಗುತ್ತದೆ. ಒಂದು ಸಲ ಹತ್ತು ಲಕ್ಷ ಅಂತ ಬಂದು ಆರು ಸಾವಿರ ಸೇರಿದ ಮೇಲೆ, ಮುಂದಿನ ಸಲ ಆ ಅಧಿಕಾರಿ ಯಾವ ಅಂಕಿಯನ್ನೂ ನಂಬಲ್ಲ. ನಂಬದೇ ಇದ್ದ ದಿನವೇ ಜನ ನುಗ್ಗಿದರೆ? ಆಗ ಸಾಯುವವನು ಸುಳ್ಳು ಹೆಸರು ತುಂಬಿದವನಲ್ಲ, ಅಂಕಿ ಉಬ್ಬಿಸಿದ ನಾಯಕನೂ ಅಲ್ಲ. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಭಾಷಣ ಕೇಳೋದಕ್ಕೆ ಬಂದವನು.

ಹತ್ತೂರ ಒಡೆಯನ ಜಾತ್ರೆಗೆ ಪ್ರತಿವರ್ಷ ಏಪ್ರಿಲಿನಲ್ಲಿ ಮಹಾಲಿಂಗೇಶ್ವರನ ಗದ್ದೆಗೆ ಜನಸಾಗರವೇ ಬರತ್ತೆ. ಯಾವ ಲಿಂಕೂ ಇಲ್ಲ, ಯಾವ ನೋಂದಣಿಯೂ ಇಲ್ಲ. ಆದರೂ ವ್ಯವಸ್ಥೆ ನಡೆಯತ್ತೆ, ಯಾಕೆಂದರೆ ಹೋದ ವರ್ಷ ಎಷ್ಟು ಜನ ಬಂದಿದ್ದರು, ಯಾವ ದಾರಿಯಲ್ಲಿ ಒತ್ತಡ ಆಗಿತ್ತು ಅನ್ನೋದು ಊರಿನವರಿಗೆ ಗೊತ್ತು. ಅವರು ಅದನ್ನು ಯಾರಿಗೂ ಉಬ್ಬಿಸಿ ಹೇಳಬೇಕಾಗಿಲ್ಲ. ರಾಜಕೀಯ ಪಕ್ಷಗಳೂ ಇಷ್ಟು ಮಾಡಬಹುದು. ನೋಂದಣಿ ಬೇಕಾದರೆ ಇಟ್ಟುಕೊಳ್ಳಿ, ಆದರೆ ಆ ಸಂಖ್ಯೆಯನ್ನು ಜಾಹೀರಾತು ಮಾಡಬೇಡಿ. ಪೊಲೀಸರಿಗೆ ಒಂದು, ಆಯೋಗಕ್ಕೆ ಒಂದು, ಟಿವಿಗೆ ಒಂದು ಅಂತ ಮೂರು ಅಂಕಿ ಕೊಡಬೇಡಿ. ಮೈದಾನದ ಅಳತೆ ಹಿಡಿದು ಇಷ್ಟೇ ಜನ ಅಂತ ಮೊದಲೇ ಹೇಳಿ, ಅದು ತುಂಬಿದ ಮೇಲೆ ಗೇಟ್ ಹಾಕಿ.

ನಮ್ಮಂಥ ವಾಹಿನಿಗಳ ಪಾಲಿನ ಕೆಲಸವೂ ಇದೆ. ಜನಸಾಗರ ಅಂತ ಪರದೆಯ ಮೇಲೆ ಹಾಕುವ ಮುಂಚೆ ಎಷ್ಟು ಎಕರೆ ಅಂತ ಕೇಳಬೇಕು. ನಾವು ಕೇಳದಿದ್ದರೆ, ನೀವು ನಮ್ಮನ್ನು ಕೇಳಿ.